ಸಮುದಾಯ ನಿಘಂಟು ಮತ್ತು ಜನಪದ ಶಬ್ದಸಂಪತ್ತು: ಹಾಸನ ಸೀಮೆಯನ್ನು ಅನುಲಕ್ಷಿಸಿ

1. ಪ್ರವೇಶ

ನಿಘಂಟು ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಒಬ್ಬ ವಿದ್ವಾಂಸನ ಅಥವಾ ಒಂದು ಸಂಪಾದಕ ಮಂಡಲಿಯ ದೀರ್ಘಕಾಲದ ಪರಿಶ್ರಮದ ಚಿತ್ರ. ಕನ್ನಡದ ಮಟ್ಟಿಗೆ ಈ ಚಿತ್ರಕ್ಕೆ ಗಟ್ಟಿಯಾದ ಆಧಾರಗಳಿವೆ. ರೆವರೆಂಡ್ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಪ್ರಕಟವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಹಲವು ದಶಕಗಳ ಕಾರ್ಯದ ಫಲವಾಗಿ ಎಂಟು ಸಂಪುಟಗಳಲ್ಲಿ ಬಂದು 1995ರಲ್ಲಿ ಪೂರ್ಣಗೊಂಡಿತು. ಇವೆರಡೂ ಬರೆಯುವವರು ಮತ್ತು ಓದುವವರ ನಡುವೆ ಸ್ಪಷ್ಟವಾದ ಗೆರೆಯನ್ನು ಎಳೆದುಕೊಂಡ ಕೃತಿಗಳು.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಈ ಗೆರೆ ಅಳಿಸತೊಡಗಿತು. 2002ರ ಡಿಸೆಂಬರಿನಲ್ಲಿ ಇಂಗ್ಲಿಷಿನಲ್ಲಿ ಆರಂಭವಾದ ವಿಕ್ಷನರಿ ಯೋಜನೆ ಮುಂದೆ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಿಗೆ ಹಬ್ಬಿತು. ಇದರಲ್ಲಿ ಓದುವವನೇ ಬರೆಯುವವನೂ ಆಗಬಹುದು. ಪದವನ್ನು ಸೇರಿಸಬಹುದು, ಮತ್ತೊಬ್ಬನು ಬರೆದ ಅರ್ಥವನ್ನು ತಿದ್ದಬಹುದು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕಗಳ ಕಾಲ ಏಕಾಂಗಿಯಾಗಿ ಸಿದ್ಧಪಡಿಸಿದ, ಒಂದೂವರೆ ಲಕ್ಷಕ್ಕೂ ಮೀರಿದ ನಮೂದುಗಳುಳ್ಳ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯೊಂದಿಗೆ ಅಂತರ್ಜಾಲಕ್ಕೆ ಬಂದಿತು. ಒಂದು ಅನೇಕರ ಕೆಲಸ, ಇನ್ನೊಂದು ಒಬ್ಬರ ಕೆಲಸ. ಎರಡೂ ಎಲ್ಲರ ಬಳಕೆಗೆ ತೆರೆದುಕೊಂಡವು.

ಈ ಹೊಸ ನಿಘಂಟುಗಳನ್ನು ಕುರಿತು ತಂತ್ರಜ್ಞಾನದ ದೃಷ್ಟಿಯಿಂದ ಸಾಕಷ್ಟು ಮಾತುಗಳು ಬಂದಿವೆ. ಜಾನಪದ ವಿದ್ವಾಂಸರು ಕೇಳಬೇಕಾದ ಪ್ರಶ್ನೆ ಬೇರೆ. ಅಕ್ಷರಕ್ಕೆ ಬಾರದ ಜನಸಮುದಾಯಗಳ ಮಾತಿಗೆ ಇಲ್ಲಿ ಸ್ಥಾನವಿದೆಯೆ? ಇದ್ದರೆ ಅದು ಯಾವ ಬಗೆಯ ಸ್ಥಾನ? ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಬಳಕೆಯಲ್ಲಿರುವ ಕೆಲವು ಪದಗಳನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮುದ್ರಿತ ನಿಘಂಟು ಮತ್ತು ಆಡುಮಾತು

ಮುದ್ರಿತ ನಿಘಂಟುಗಳು ಆಡುಮಾತನ್ನು ಸಂಪೂರ್ಣವಾಗಿ ಕಡೆಗಣಿಸಿದವು ಎಂದು ಹೇಳುವುದು ವಾಡಿಕೆ. ಇದು ಪೂರ್ಣ ಸತ್ಯವಲ್ಲ. ಕಿಟೆಲ್ ತಮ್ಮ ನಿಘಂಟಿನಲ್ಲಿ ಗಾದೆಗಳನ್ನು ಹೇರಳವಾಗಿ ಬಳಸಿಕೊಂಡಿದ್ದಾರೆ. ಪದವೊಂದು ಮೈಸೂರು ಸೀಮೆಯದೋ ದಕ್ಷಿಣ ಮರಾಠಾ ಸೀಮೆಯದೋ ಎಂಬುದನ್ನು ಸಂಕೇತಾಕ್ಷರಗಳಿಂದ ಸೂಚಿಸಿದ್ದಾರೆ. ಒಂದು ಪದಕ್ಕೆ ಊರು ಇದೆ, ಆಡುವ ಬಾಯಿ ಇದೆ ಎಂಬ ಅರಿವು ಆ ಸಂಕೇತಗಳಲ್ಲಿದೆ. ಪರಿಷತ್ತಿನ ನಿಘಂಟು ಐತಿಹಾಸಿಕ ತತ್ತ್ವವನ್ನು ಅನುಸರಿಸಿ ಶಾಸನ ಹಾಗೂ ಕಾವ್ಯಗಳ ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಕೊಟ್ಟಿತು. ಅದರ ಬಲವೂ ಮಿತಿಯೂ ಇದರಲ್ಲಿಯೇ ಅಡಗಿವೆ. ಬರಹಕ್ಕೆ ಬಂದ ಪದಕ್ಕೆ ಅಲ್ಲಿ ಭದ್ರವಾದ ಪೀಠ ದೊರೆಯಿತು. ಬಾಯಲ್ಲಿಯೇ ಉಳಿದ ಪದ ಹೊರಗೆ ಕಾಯಬೇಕಾಯಿತು.

ಆಡುನುಡಿಯ ಅಧ್ಯಯನ ಬೇರೆ ದಾರಿಯಲ್ಲಿ ಸಾಗಿತು. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವಿವೇಚನೆ 1958ರಲ್ಲಿ ಪ್ರಕಟವಾಯಿತು. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ಕುಮಟಾ, ಗುಲಬರ್ಗಾ, ನಂಜನಗೂಡು ಮೊದಲಾದ ಕಡೆಯ ಕನ್ನಡವನ್ನು ಕುರಿತ ಪ್ರಬಂಧಗಳನ್ನು ಹೊರತಂದಿತು. ಇವುಗಳ ಮುಖ್ಯ ಕಾಳಜಿ ಧ್ವನಿ ಮತ್ತು ವ್ಯಾಕರಣ. ಪದಗಳ ಹಿಂದಿನ ಬದುಕು ಇವುಗಳ ವ್ಯಾಪ್ತಿಗೆ ಬರಲಿಲ್ಲ.

ನೆರೆಯ ಭಾಷೆಗಳಲ್ಲಿ ಇದಕ್ಕಿಂತ ಮುಂದುವರಿದ ಪ್ರಯತ್ನಗಳು ನಡೆದವು. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ರೂಪಿಸಿದ ಮಾಂಡಲಿಕ ವೃತ್ತಿಪದಕೋಶದ ಮೊದಲ ಸಂಪುಟ 1962ರಲ್ಲಿ ಬಂದಿತು; ಅದರ ವಸ್ತು ವ್ಯವಸಾಯ. ಹಳ್ಳಿಗಳಿಗೆ ಹೋಗಿ ರೈತರ ಬಾಯಿಂದ ಕೇಳಿದ ಪದಗಳನ್ನು ಪ್ರದೇಶವಾರು ಗುರುತಿಸಿ ಕೊಟ್ಟ ಕೃತಿ ಅದು. ಯು.ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988 ಮತ್ತು 1997ರ ನಡುವೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು ಪಾಡ್ದನಗಳನ್ನೂ ಪ್ರಾದೇಶಿಕ ಹಾಗೂ ಸಾಮುದಾಯಿಕ ಭೇದಗಳನ್ನೂ ಒಳಗೆ ತಂದುಕೊಂಡಿತು.

ಸಾರ್ವಜನಿಕರ ನೆರವಿನಿಂದ ನಿಘಂಟು ರಚಿಸುವುದು ಅಂತರ್ಜಾಲದ ಕೊಡುಗೆ ಎಂದು ತಿಳಿಯುವುದೂ ಸರಿಯಲ್ಲ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ 1879ರಲ್ಲಿ ಓದುಗರಿಗೆ ಮನವಿ ಮಾಡಿಕೊಂಡು ಚೀಟಿಗಳ ಮೂಲಕ ಪ್ರಯೋಗಗಳನ್ನು ತರಿಸಿಕೊಂಡರು. ಆ ಓದುಗರು ಕಳುಹಿಸಿದ್ದು ಪುಸ್ತಕದ ವಾಕ್ಯಗಳನ್ನು. ಹಳ್ಳಿಯ ಮಾತಿಗಾಗಿ 1873ರಲ್ಲಿ ಇಂಗ್ಲಿಷ್ ಉಪಭಾಷಾ ಸಂಘವೇ ಬೇರೆಯಾಗಿ ಹುಟ್ಟಬೇಕಾಯಿತು. ಅದರ ಸಂಗ್ರಹವನ್ನು ಆಧರಿಸಿ ಜೋಸೆಫ್ ರೈಟ್ 1898ರಿಂದ 1905ರವರೆಗೆ ಆರು ಸಂಪುಟಗಳ ಉಪಭಾಷಾ ನಿಘಂಟನ್ನು ಪ್ರಕಟಿಸಿದರು. ಅಂದರೆ ಬಾಗಿಲನ್ನು ತೆರೆದ ಮಾತ್ರಕ್ಕೆ ಹಳ್ಳಿಯ ಪದ ತಾನಾಗಿ ಒಳಗೆ ಬರುವುದಿಲ್ಲ. ಅದನ್ನು ಕರೆತರುವ ಸಂಗ್ರಾಹಕ ಬೇಕು, ಕೂರಿಸುವ ಕ್ರಮವೂ ಬೇಕು. ಸಮುದಾಯ ನಿಘಂಟುಗಳ ವಿಮರ್ಶೆಗೆ ಈ ಚರಿತ್ರೆ ಕೊಡುವ ಮೊದಲ ಅಳತೆಗೋಲು ಇದು.

3. ಸೀಮೆಯ ಪದಲೋಕ

ಪ್ರಸ್ತುತ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯವಾದರೂ ಒಂದೇ ಬಗೆಯ ನೆಲವಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರು, ರುದ್ರಪಟ್ಟಣಗಳು ಕಾವೇರಿಯ ದಡದವು. ಹೊಳೆನರಸೀಪುರ ಹೇಮಾವತಿಯ ದಡದ ಪಟ್ಟಣ. ಚನ್ನರಾಯಪಟ್ಟಣ ಕೆರೆಗಳನ್ನು ನಂಬಿದ ಬಯಲು ಸೀಮೆ. ಹಾಸನದ ಸುತ್ತಲಿನದು ಮಲೆನಾಡಿನ ಅಂಚು. ಈ ಜಿಲ್ಲೆಯ ಜನಪದ ಸಂಪತ್ತನ್ನು ಬರಹಕ್ಕೆ ತಂದವರಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಮತ್ತು ಸಕಲೇಶಪುರದ ಎಸ್.ಕೆ. ಕರೀಂಖಾನ್ ಅವರ ಹೆಸರುಗಳನ್ನು ಮರೆಯುವಂತಿಲ್ಲ. ಅವರ ಗಮನ ಹಾಡಿನ ಮೇಲಿತ್ತು. ಹಾಡನ್ನು ಹೊತ್ತಿರುವ ದುಡಿಮೆಯ ಪದಗಳ ಸಂಗ್ರಹ ಮುಂದಿನವರಿಗೆ ಉಳಿದ ಕೆಲಸವಾಯಿತು.

ರಾಗಿಯ ಬೇಸಾಯವನ್ನೇ ತೆಗೆದುಕೊಳ್ಳಬಹುದು. ಕೂರಿಗೆ, ಕುಂಟೆ, ಸಡ್ಡೆ, ಅಕ್ಕಡಿ, ಅರಿ, ಕಂತೆ, ಹೊರೆ, ಮೆದೆ, ಕಣ, ಮೇಟಿ, ರೋಣುಗಲ್ಲು, ಒಂದರಿ, ಹಗೇವು ಎಂಬ ಪದಗಳನ್ನು ಸಾಲಾಗಿ ಇಟ್ಟರೆ ಬಿತ್ತನೆಯಿಂದ ಸಂಗ್ರಹದವರೆಗಿನ ಒಂದು ವರ್ಷದ ದುಡಿಮೆ ಕಣ್ಣ ಮುಂದೆ ಬರುತ್ತದೆ. ಇವುಗಳಲ್ಲಿ ‘ಅಕ್ಕಡಿ’ಯನ್ನು ಗಮನಿಸಬೇಕು. ಮಳೆಯಾಶ್ರಿತ ರಾಗಿಹೊಲದಲ್ಲಿ ಕೆಲವು ಸಾಲುಗಳಿಗೊಮ್ಮೆ ಅವರೆ, ತೊಗರಿ, ಜೋಳ ಮುಂತಾದವನ್ನು ಬಿತ್ತುವ ಸಾಲು ಅಕ್ಕಡಿ. ಆ ಸಾಲಿಗೆ ಬೀಜ ಬಿಡುವ ಸಾಧನ ಸಡ್ಡೆ. ‘ಮಿಶ್ರಬೆಳೆಯ ಸಾಲು’ ಎಂಬ ಅರ್ಥ ತಪ್ಪಲ್ಲ. ಆದರೆ ಅದು ಸಾಲದು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕಾಯಲಿ ಎಂಬ ಎಚ್ಚರ, ಮನೆಗೆ ಬೇಕಾದ ಕಾಳನ್ನು ಮನೆಯ ಹೊಲದಲ್ಲಿಯೇ ಪಡೆಯುವ ಕ್ರಮ, ದನಕ್ಕೆ ಸಿಗುವ ಮೇವು, ಇವೆಲ್ಲವೂ ಆ ಪದದ ಅರ್ಥಕ್ಕೆ ಸೇರಿದವು.

‘ಹಗೇವು’ ಮತ್ತೊಂದು ನಿದರ್ಶನ. ಇದನ್ನು ‘ನೆಲದೊಳಗಿನ ಧಾನ್ಯದ ಗುಂಡಿ’ ಎಂದು ವಿವರಿಸಬಹುದು. ಬಾಯಿ ತೆರೆದೊಡನೆ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಹೋಗಲು ಬಿಡಬೇಕು ಎಂಬ ತಿಳಿವಳಿಕೆ ಆ ಪದದೊಂದಿಗೆ ತಲೆಮಾರುಗಳಿಂದ ಸಾಗಿಬಂದಿದೆ. ಹಗೇವುಗಳು ಮುಚ್ಚಿಹೋದ ಊರಿನಲ್ಲಿ ಪದ ಉಳಿದರೂ ಈ ತಿಳಿವಳಿಕೆ ಉಳಿಯುವುದಿಲ್ಲ. ರಾಗಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುವ ಕಾಲದಲ್ಲಿ ರೋಣುಗಲ್ಲು ಊರ ಬದಿಯ ಬರಿಯ ಕಲ್ಲಾಗಿ ಕಾಣುತ್ತದೆ.

ಅಳತೆಯ ಪದಗಳ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಆದರೆ ಖಂಡುಗ ಧಾನ್ಯದ ಅಳತೆಯೂ ಹೌದು, ಅಷ್ಟು ಬೀಜ ಹಿಡಿಯುವ ಭೂಮಿಯ ಅಳತೆಯೂ ಹೌದು. ಸೇರಿನ ಪ್ರಮಾಣ ಸೀಮೆಯಿಂದ ಸೀಮೆಗೆ ಬೇರೆ. 1958ರಿಂದ ಹಂತಹಂತವಾಗಿ ಜಾರಿಗೆ ಬಂದ ದಶಮಾನ ಪದ್ಧತಿ ಈ ಅಳತೆಗಳನ್ನು ಮಾರುಕಟ್ಟೆಯಿಂದ ಹೊರಗಿಟ್ಟಿತು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ಪದ್ಧತಿ ಮಾತ್ರ ಹಿರಿಯರ ನೆನಪಿನಲ್ಲಿದೆ. ಸಂದರ್ಭವನ್ನು ಕೊಡದ ನಿಘಂಟಿನಲ್ಲಿ ‘ಲಾಭ’ ಎಂಬ ಸಂಸ್ಕೃತ ಪದ ಹೀಗೆ ಸಂಖ್ಯಾವಾಚಕವಾಗುವ ಬಗೆ ಗೋಚರಿಸದು.

ನೀರಿನ ಪದಗಳೂ ಹೀಗೆಯೇ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿ ಎಂಬ ಕೆರೆಯ ಪದಗಳ ಹಿಂದೆ ಶಾಸನಗಳ ಕಟ್ಟುಗೊಡಗೆ, ಬಿತ್ತುವಟ್ಟಗಳ ಪರಂಪರೆಯಿದೆ. ಗೊರೂರಿನ ಹೇಮಾವತಿ ಜಲಾಶಯ 1979ರಲ್ಲಿ ಪೂರ್ಣಗೊಂಡ ಮೇಲೆ ನಾಲೆ, ಚಾನೆಲ್, ಗೇಟು ಎಂಬ ಪದಗಳು ರೈತರ ಬಾಯಿಗೆ ಬಂದವು. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಸುರಂಗದ ಸುತ್ತಿನ ಹಳ್ಳಿಗಳಲ್ಲಿ ‘ಟನಲ್’ ಕೂಡ ಕನ್ನಡದ ಪದವೇ ಆಗಿದೆ. ಆಲೂಗೆಡ್ಡೆ ಬೆಳೆಯುವ ಹಾಸನದ ರೈತ ಬೆಳೆಯನ್ನು ಸುಡುವ ರೋಗವನ್ನು ‘ಅಂಗಮಾರಿ’ ಎನ್ನುತ್ತಾನೆ. ಸಾಂಕ್ರಾಮಿಕವನ್ನು ಮಾರಿಯಾಗಿ ಕಾಣುವ ಜನಪದ ಗ್ರಹಿಕೆ ಹೊಸ ಬೆಳೆಯ ರೋಗದ ಹೆಸರಿನಲ್ಲಿಯೂ ಜೀವಂತವಾಗಿದೆ. ಜನಪದ ಶಬ್ದಸಂಪತ್ತು ಎಂದರೆ ಹಳೆಯ ಪದಗಳ ಉಗ್ರಾಣ ಎಂಬ ಕಲ್ಪನೆಯನ್ನು ಇಂಥ ಪದಗಳು ಅಲ್ಲಗಳೆಯುತ್ತವೆ.

4. ಜಾಲನಿಘಂಟಿನ ಸ್ವರೂಪ ಮತ್ತು ಕೊರತೆಗಳು

ವಿಕ್ಷನರಿಗೆ ಸೇರುವುದು ಸುಲಭ. ಬಳಕೆದಾರನ ಹೆಸರೊಂದನ್ನು ನೋಂದಾಯಿಸಿಕೊಂಡರೆ ಸಾಕು. ಪದವಿ, ಪ್ರಮಾಣಪತ್ರಗಳು ಬೇಕಿಲ್ಲ. ಪ್ರತಿ ಪದಕ್ಕೂ ಒಂದು ಪುಟ, ಪ್ರತಿ ಪುಟಕ್ಕೂ ಚರ್ಚೆಯ ಪುಟ, ಯಾರು ಯಾವಾಗ ಏನನ್ನು ಬದಲಿಸಿದರು ಎಂಬುದರ ಇತಿಹಾಸ ಇರುತ್ತವೆ. ಜಾನಪದ ವಿದ್ಯಾರ್ಥಿಗೆ ಈ ರಚನೆ ಅಪರಿಚಿತವೆನಿಸದು. ಕರ್ತೃ ಅನೇಕರು, ಪಠ್ಯ ಚಲನಶೀಲ, ಒಬ್ಬನು ಹೇಳಿದ್ದನ್ನು ಮತ್ತೊಬ್ಬನು ಬೆಳೆಸುತ್ತಾನೆ. ಮೇಲ್ನೋಟಕ್ಕೆ ಇದು ಜನಪದ ಪಠ್ಯದ ಲಕ್ಷಣವೇ ಆಗಿದೆ.

ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಜನಪದ ಕಥೆಯ ಎರಡು ಪಾಠಗಳು ಎರಡು ಊರುಗಳಲ್ಲಿ ಏಕಕಾಲಕ್ಕೆ ಬದುಕುತ್ತವೆ. ಒಂದು ಮತ್ತೊಂದನ್ನು ಅಳಿಸುವುದಿಲ್ಲ. ಜಾಲನಿಘಂಟಿನಲ್ಲಿ ಕಡೆಯ ತಿದ್ದುಪಡಿ ಪುಟದ ಮೇಲೆ ಉಳಿಯುತ್ತದೆ, ಹಿಂದಿನದು ಇತಿಹಾಸದ ಪುಟಕ್ಕೆ ಸರಿಯುತ್ತದೆ. ಸಾಮಾನ್ಯ ಓದುಗ ಅಲ್ಲಿಗೆ ಹೋಗುವುದಿಲ್ಲ. ಅರಕಲಗೂಡಿನವನು ಬರೆದ ಅರ್ಥವನ್ನು ಧಾರವಾಡದವನು ತಪ್ಪೆಂದು ತಿದ್ದಿದರೆ, ಇಬ್ಬರೂ ತಮ್ಮ ತಮ್ಮ ಊರಿನ ಮಟ್ಟಿಗೆ ಸರಿಯಾಗಿದ್ದರೂ ಒಬ್ಬನ ಮಾತು ಮರೆಯಾಗುತ್ತದೆ. ಪಾಠಾಂತರಗಳನ್ನು ಅಕ್ಕಪಕ್ಕದಲ್ಲಿ ಇಡುವ ಶಿಸ್ತು ಇಲ್ಲದಿದ್ದರೆ ತೆರೆದ ನಿಘಂಟೂ ಏಕರೂಪತೆಯನ್ನೇ ಹೇರುತ್ತದೆ.

ಎರಡನೆಯ ಕೊರತೆ ನಮೂದುಗಳ ಬಡತನ. ಕನ್ನಡ ವಿಕ್ಷನರಿಯ ಅನೇಕ ಪುಟಗಳಲ್ಲಿ ಪದ, ವ್ಯಾಕರಣವರ್ಗ ಮತ್ತು ಒಂದೆರಡು ಸಮಾನಪದಗಳಷ್ಟೇ ದೊರೆಯುತ್ತವೆ. ಪ್ರದೇಶದ ಗುರುತು, ಪ್ರಯೋಗದ ವಾಕ್ಯ, ಆಧಾರದ ಉಲ್ಲೇಖ ವಿರಳ. 1894ರ ಕಿಟೆಲ್ ನಿಘಂಟು ಸ್ಥಳಾಭಾವದ ನಡುವೆಯೂ ಸಂಕೇತಾಕ್ಷರದಲ್ಲಿ ಕೊಟ್ಟ ಸೀಮೆಯ ಸೂಚನೆಯನ್ನು, ಸ್ಥಳದ ಮಿತಿಯೇ ಇಲ್ಲದ ಜಾಲನಿಘಂಟು ಕೊಡದಿರುವುದು ವಿಪರ್ಯಾಸ. ಕೊಳಗ ಎಂದರೆ ‘ಒಂದು ಅಳತೆ’ ಎಂದು ಬರೆದು ನಿಲ್ಲಿಸಿದ ಪುಟದಿಂದ ಪದಗಳ ಸಂಖ್ಯೆ ಒಂದು ಹೆಚ್ಚುತ್ತದೆಯೇ ಹೊರತು ತಿಳಿವಳಿಕೆ ಹೆಚ್ಚುವುದಿಲ್ಲ.

ಮೂರನೆಯದು ಸಾಕ್ಷ್ಯದ ಪ್ರಶ್ನೆ. ಇಂಗ್ಲಿಷ್ ವಿಕ್ಷನರಿಯ ನಿಯಮದಂತೆ, ಹೇರಳವಾಗಿ ದಾಖಲೆಯುಳ್ಳ ಭಾಷೆಯ ಪದವೊಂದಕ್ಕೆ ಒಂದು ವರ್ಷಕ್ಕೂ ಮೀರಿದ ಅವಧಿಯಲ್ಲಿ ಹರಡಿದ ಮೂರು ಸ್ವತಂತ್ರ ಪ್ರಯೋಗಗಳು ಬೇಕು. ಕಡಿಮೆ ದಾಖಲೆಯುಳ್ಳ ಭಾಷೆಗಾದರೆ ಒಂದು ಪ್ರಯೋಗ ಅಥವಾ ಉಲ್ಲೇಖ ಸಾಕು. ಕಪೋಲಕಲ್ಪಿತ ಪದಗಳನ್ನು ತಡೆಯಲು ಇದು ಅಗತ್ಯ. ಆದರೆ ಇಲ್ಲಿ ದಾಖಲೆಯ ಪ್ರಮಾಣವನ್ನು ಅಳೆಯುವುದು ಭಾಷೆಯಿಂದ, ಆಡುವವರಿಂದಲ್ಲ. ಇದೇ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸುಮಾರು ಕ್ರಿ.ಶ. 450ರ ಶಾಸನ ದೊರೆತಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ನೂರಾರು ಶಾಸನಗಳಿವೆ. ಕನ್ನಡದ ಬರಹದ ದಾಖಲೆ ಅಷ್ಟು ಪ್ರಾಚೀನ. ಆ ಶಾಸನಗಳ ನೆರೆಯಲ್ಲಿಯೇ ರಾಗಿ ಬೀಸಿದ, ಕಳೆ ಕಿತ್ತ ಹೆಣ್ಣುಮಕ್ಕಳ ಪದಕೋಶಕ್ಕೆ ಯಾವ ದಾಖಲೆಯೂ ಇಲ್ಲ. ಒಂದೇ ಭಾಷೆಯೊಳಗೆ ಸಮೃದ್ಧ ದಾಖಲೆಯ ವಲಯವೂ ದಾಖಲೆಯೇ ಇಲ್ಲದ ವಲಯವೂ ಇರುತ್ತವೆ. ಈ ಭೇದವನ್ನು ಗುರುತಿಸದ ನಿಯಮ ಬರಹವುಳ್ಳವರ ಪರವಾಗಿ ವಾಲುತ್ತದೆ.

ಇದಕ್ಕೆ ಪರಿಹಾರವೆಂದರೆ ಸಾಕ್ಷ್ಯದ ಕಲ್ಪನೆಯನ್ನು ವಿಸ್ತರಿಸುವುದು, ಸಡಿಲಿಸುವುದಲ್ಲ. ಪದವನ್ನು ಎಲ್ಲಿ, ಯಾವ ವರ್ಷ, ಯಾವ ವೃತ್ತಿಯ, ಯಾವ ತಲೆಮಾರಿನವರಿಂದ ಕೇಳಲಾಯಿತು ಎಂಬ ವಿವರವುಳ್ಳ ಧ್ವನಿಮುದ್ರಣವನ್ನು ಪ್ರಯೋಗವೆಂದು ಒಪ್ಪಬೇಕು. ‘ಲಿಂಗ್ವಾ ಲಿಬ್ರೆ’ಯಂತಹ ಮುಕ್ತ ಯೋಜನೆಗಳು ಪದಗಳ ಉಚ್ಚಾರಣೆಯನ್ನು ಮುದ್ರಿಸಿ ಸೇರಿಸುವ ಅನುಕೂಲವನ್ನು ಈಗಾಗಲೇ ಒದಗಿಸಿವೆ. ಸಾಧನವಿದೆ, ಕ್ಷೇತ್ರಕಾರ್ಯದ ಶಿಸ್ತನ್ನು ಅದಕ್ಕೆ ಜೋಡಿಸಬೇಕಾಗಿದೆ.

5. ಉಲ್ಲೇಖಪದದ ಸಮಸ್ಯೆ

ಈ ಸೀಮೆಯ ಗ್ರಾಮೀಣ ಆಡುಮಾತಿನಲ್ಲಿ ಪದಾದಿಯ ಹಕಾರ ಲೋಪವಾಗುವುದು ಸಾಮಾನ್ಯ. ಹುಲ್ಲು ‘ಉಲ್ಲು’ ಆಗುತ್ತದೆ, ಹೊಲ ‘ವಲ’ ಆಗುತ್ತದೆ, ಹಗೇವು ‘ಅಗೇವು’ ಎಂದೂ ಕೇಳಿಬರುತ್ತದೆ. ಒಂದರಿ ‘ವಂದ್ರಿ’ಯಾಗುತ್ತದೆ. ಹಾಗಾದರೆ ಪುಟದ ತಲೆಯಲ್ಲಿ ಯಾವ ರೂಪವನ್ನು ಇಡಬೇಕು? ಶಿಷ್ಟರೂಪವನ್ನು ಮಾತ್ರ ಇಟ್ಟರೆ ಆಡುರೂಪ ಅಶುದ್ಧವೆಂಬ ಭಾವನೆ ಬರುತ್ತದೆ. ಪ್ರತಿ ಆಡುರೂಪಕ್ಕೂ ಪೂರ್ಣಪುಟ ಕೊಟ್ಟರೆ ಒಂದೇ ಅರ್ಥ ಹತ್ತು ಕಡೆ ಚದುರುತ್ತದೆ.

ಶಿಷ್ಟರೂಪವಿರುವ ಪದಗಳಿಗೆ ಅದರಡಿಯಲ್ಲಿಯೇ ಪೂರ್ಣವಿವರವನ್ನು ಕೊಟ್ಟು, ಆಡುರೂಪಕ್ಕೆ ತಾಲ್ಲೂಕಿನ ಹೆಸರಿನೊಂದಿಗೆ ಸೂಚನಾಪುಟ ಇಡುವುದು ಸಮಂಜಸ. ಸಡ್ಡೆಯಂತಹ, ದುಡಿಮೆಯ ಬಾಯಲ್ಲಿಯೇ ರೂಪುಗೊಂಡ ಪದಗಳಿಗೆ ಕೇಳಿದ ರೂಪವೇ ಉಲ್ಲೇಖಪದವಾಗಬೇಕು. ಅವುಗಳಿಗೆ ಗ್ರಾಂಥಿಕ ವೇಷ ತೊಡಿಸುವುದು ಸಲ್ಲದು. ಮುದ್ರಿತ ಪುಸ್ತಕದಲ್ಲಿ ಇಂಥ ಅನುಸಂಧಾನಗಳು ಪುಟಗಳನ್ನು ತಿನ್ನುತ್ತಿದ್ದವು. ಜಾಲನಿಘಂಟಿಗೆ ಆ ನಿರ್ಬಂಧವಿಲ್ಲ.

6. ಲಿಪಿಯಿಲ್ಲದ ಮನೆಮಾತು: ಸಂಕೇತಿ

ಇದೇ ತಾಲ್ಲೂಕುಗಳು ಎತ್ತುವ ಮತ್ತೊಂದು ಪ್ರಶ್ನೆ ಸಂಕೇತಿ ನುಡಿಯದು. ಹಾಸನದ ಬಳಿಯ ಕೌಶಿಕ, ಅರಕಲಗೂಡು ಮತ್ತು ಹೊಳೆನರಸೀಪುರ ತಾಲ್ಲೂಕುಗಳ ಹಳ್ಳಿಗಳು, ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಮುಂತಾದ ಕಡೆ ನೆಲೆಸಿದ ಸಂಕೇತಿ ಸಮುದಾಯ ತಮಿಳುನಾಡಿನ ಶೆಂಗೋಟ್ಟೈ ಕಡೆಯಿಂದ ವಲಸೆ ಬಂದ ನೆನಪನ್ನು ನಾಚಾರಮ್ಮನ ಐತಿಹ್ಯದ ಮೂಲಕ ಕಾಪಾಡಿಕೊಂಡಿದೆ. ತಮಿಳು-ಮಲಯಾಳಗಳ ನಂಟುಳ್ಳ ಈ ನುಡಿ ಶತಮಾನಗಳ ಕಾಲ ಕನ್ನಡದ ನಡುವೆ ಬೆಳೆದು ಕನ್ನಡದ ಪದಗಳನ್ನು ಧಾರಾಳವಾಗಿ ಸ್ವೀಕರಿಸಿದೆ. ಬರೆಯಬೇಕಾದಾಗ ಕನ್ನಡ ಲಿಪಿಯನ್ನೇ ಬಳಸುತ್ತದೆ.

ಇದರ ಪದಗಳನ್ನು ಯಾವ ಭಾಷೆಯ ತಲೆಬರಹದಡಿ ಸೇರಿಸಬೇಕು? ತಮಿಳಿನ ಉಪಭಾಷೆ ಎಂದರೆ ಅದರಲ್ಲಿರುವ ಕನ್ನಡಾಂಶ ದೋಷವಾಗಿ ತೋರುತ್ತದೆ. ಕನ್ನಡ ಎಂದರೆ ಅದರ ಮೂಲ ಮರೆಯಾಗುತ್ತದೆ. ಬೇರೆ ಭಾಷೆ ಎಂದರೆ ಪ್ರತ್ಯೇಕತೆಗೆ ಪ್ರಮಾಣ ಕೇಳುತ್ತಾರೆ. ಮುದ್ರಿತ ನಿಘಂಟಿನಲ್ಲಿ ಸಂಪಾದಕ ಪೀಠಿಕೆಯಲ್ಲಿ ಒಂದು ಮಾತು ಬರೆದು ಇದನ್ನು ತೀರ್ಮಾನಿಸುತ್ತಾನೆ. ಸಮುದಾಯ ನಿಘಂಟಿನಲ್ಲಿ ಪ್ರತಿಯೊಬ್ಬ ಸಂಗ್ರಾಹಕನೂ ತನಗೆ ತೋಚಿದಂತೆ ತೀರ್ಮಾನಿಸುವ ಅಪಾಯವಿದೆ. ಆದ್ದರಿಂದ ಪದ ಸೇರಿಸುವ ಮೊದಲು ಆ ನುಡಿಯನ್ನಾಡುವವರೂ ಪಾಲ್ಗೊಳ್ಳುವ ಚರ್ಚೆ ನಡೆಯಬೇಕು.

ಇಲ್ಲಿ ವಿಕ್ಷನರಿಯ ಒಂದು ಗುಣ ನೆರವಿಗೆ ಬರುತ್ತದೆ. ಒಂದು ಭಾಷೆಯ ವಿಕ್ಷನರಿ ಆ ಭಾಷೆಯ ಪದಗಳಿಗೆ ಸೀಮಿತವಲ್ಲ. ಎಲ್ಲ ಭಾಷೆಗಳ ಪದಗಳನ್ನೂ ಆ ಭಾಷೆಯಲ್ಲಿ ವಿವರಿಸುವುದು ಅದರ ಗುರಿ. ಹಾಗಾಗಿ ಸಂಕೇತಿ, ಲಂಬಾಣಿ ಮೊದಲಾದ ನುಡಿಗಳ ಪದಗಳು ತಮ್ಮದೇ ತಲೆಬರಹದಡಿ, ಕನ್ನಡದ ವಿವರಣೆಯೊಂದಿಗೆ ಕನ್ನಡ ವಿಕ್ಷನರಿಯಲ್ಲಿ ನಿಲ್ಲಬಹುದು. ಮನೆಯೊಳಗೆ ಆಡುವವರು ಕಡಿಮೆಯಾಗುತ್ತಿರುವ ನುಡಿಗಳಿಗೆ ಈ ಅವಕಾಶ ಸಣ್ಣದಲ್ಲ.

7. ಹಕ್ಕು ಮತ್ತು ಹೊಣೆ

ವಿಕ್ಷನರಿಯ ಪಠ್ಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಲಭ್ಯ. ಅದನ್ನು ಯಾರೂ ವಾಣಿಜ್ಯೋದ್ದೇಶಕ್ಕೂ ಬಳಸಬಹುದು. ಮೂಲವನ್ನು ಸೂಚಿಸಬೇಕು, ಅದೇ ಪರವಾನಗಿಯಡಿ ಹಂಚಬೇಕು. ಆದರೆ ಇತಿಹಾಸದ ಪುಟದಲ್ಲಿ ಉಳಿಯುವುದು ಪದವನ್ನು ಬರೆದವನ ಹೆಸರು, ಹೇಳಿದವರದಲ್ಲ. ಜಾನಪದ ಸಂಗ್ರಹಗಳಲ್ಲಿ ವಕ್ತೃವಿನ ಹೆಸರು, ಊರು, ವಯಸ್ಸುಗಳನ್ನು ಕೊಡುವ ಸಂಪ್ರದಾಯವನ್ನು ನಾವು ಬೆಳೆಸಿಕೊಂಡಿದ್ದೇವೆ. ಅದನ್ನು ಇಲ್ಲಿ ಹೇಗೆ ಅನ್ವಯಿಸಬೇಕು ಎಂಬುದು ವಿ ಚಾರಾರ್ಹ. ಪುಸ್ತಕದ ಅನುಬಂಧದಲ್ಲಿರುವ ಹೆಸರಿಗೂ ಜಗತ್ತಿಗೆಲ್ಲ ಕಾಣುವ ಪುಟದಲ್ಲಿರುವ ಹೆಸರಿಗೂ ವ್ಯತ್ಯಾಸವಿದೆ. ಒಪ್ಪಿಗೆಯಿದ್ದರೆ ಹೆಸರು, ಇಲ್ಲದಿದ್ದರೆ ಊರು, ವೃತ್ತಿ ಮತ್ತು ತಲೆಮಾರು ಎಂಬ ಕ್ರಮ ಸೂಕ್ತವಾದೀತು.

ಎಲ್ಲ ಪದಗಳನ್ನೂ ಬಹಿರಂಗಗೊಳಿಸಬೇಕೆ ಎಂಬುದು ಮತ್ತೊಂದು ಪ್ರಶ್ನೆ. ದನದ ದಲ್ಲಾಳಿಗಳ ಗುಪ್ತ ಎಣಿಕೆಯ ಪದಗಳು, ಅಲೆಮಾರಿ ಸಮುದಾಯಗಳ ಒಳಮಾತು, ಆಚರಣೆಯ ನಿಷಿದ್ಧ ಪದಗಳು ಗುಟ್ಟಾಗಿರುವುದರಿಂದಲೇ ಅರ್ಥಪೂರ್ಣವಾದವು. ಆ ಸಮುದಾಯ ಒಪ್ಪದೆ ಅವನ್ನು ನಿಘಂಟಿಗೆ ಸೇರಿಸುವುದು ಸಂಗ್ರಹವೆನಿಸದು, ಅಪಹರಣವೆನಿಸುತ್ತದೆ. ಜಾತಿನಿಂದೆಯ ಪದಗಳನ್ನು ದಾಖಲಿಸುವಾಗ ಅವುಗಳ ನಿಂದಾತ್ಮಕ ಸ್ವರೂಪವನ್ನು ಪುಟದಲ್ಲಿಯೇ ಸ್ಪಷ್ಟಪಡಿಸಬೇಕು.

ಮುದ್ರಿತ ನಿಘಂಟುಗಳಿಂದ ನಕಲು ಮಾಡುವ ವಿಷಯದಲ್ಲಿಯೂ ಎಚ್ಚರ ಅಗತ್ಯ. 1903ರಲ್ಲಿ ನಿಧನರಾದ ಕಿಟೆಲ್ ಅವರ ಕೃತಿ ಸಾರ್ವಜನಿಕ ಸ್ವತ್ತಾಗಿದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಲೇಖಕರ ಮರಣಾನಂತರ ಅರವತ್ತು ವರ್ಷ ಹಕ್ಕು ಉಳಿಯುವುದರಿಂದ, 2021ರಲ್ಲಿ ಅಗಲಿದ ಜಿ. ವೆಂಕಟಸುಬ್ಬಯ್ಯನವರಂತಹ ನಿಘಂಟುಕಾರರ ಕೃತಿಗಳನ್ನು ಯಥಾವತ್ತಾಗಿ ಎತ್ತಿ ಹಾಕುವಂತಿಲ್ಲ. ಕ್ಷೇತ್ರದಲ್ಲಿ ಕೇಳಿದ ಪದವನ್ನು ತನ್ನದೇ ಮಾತುಗಳಲ್ಲಿ ವಿವರಿಸುವುದು ಕಾನೂನಿಗೂ ವಿದ್ವತ್ತಿಗೂ ಒಪ್ಪುವ ದಾರಿ.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸಮುದಾಯ ನಿಘಂಟಿನ ರಚನೆ ಜನಪದ ಶಬ್ದಸಂಪತ್ತಿಗೆ ಮುದ್ರಿತ ನಿಘಂಟಿಗಿಂತ ಹೆಚ್ಚಿನ ಅವಕಾಶವನ್ನು ಕೊಡುತ್ತದೆ. ಆದರೆ ಆ ಅವಕಾಶ ಬಳಕೆಯಾಗಿಲ್ಲ. ಇದರ ಹೊಣೆಯನ್ನು ತಂತ್ರಜ್ಞರ ಮೇಲೆ ಹೊರಿಸಿ ಜಾನಪದ ಕ್ಷೇತ್ರ ಸುಮ್ಮನಿರುವುದು ನ್ಯಾಯವಲ್ಲ. ತಾಲ್ಲೂಕುಗಳ ಜಾನಪದವನ್ನು ಕುರಿತ ಎಂ.ಫಿಲ್., ಪಿಎಚ್.ಡಿ. ಪ್ರಬಂಧಗಳ ಕೊನೆಯಲ್ಲಿ ಪದಪಟ್ಟಿಗಳಿರುತ್ತವೆ. ಪದವಿ ದೊರೆತ ಮೇಲೆ ಅವು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ನಿದ್ರಿಸುತ್ತವೆ. ಊರು, ವಕ್ತೃ, ವರ್ಷಗಳ ವಿವರವುಳ್ಳ ಈ ಅನುಬಂಧಗಳೇ ಜಾಲನಿಘಂಟು ಕೇಳುವ ಸಾಕ್ಷ್ಯ. ಸಂಶೋಧಕರು ತಮ್ಮ ಪಟ್ಟಿಗಳನ್ನು ಮುಕ್ತವಾಗಿ ಬಿಡುಗಡೆ ಮಾಡಿದರೆ ಸಾಕ್ಷ್ಯದ ಪ್ರಶ್ನೆಯ ಬಹುಭಾಗ ಪರಿಹಾರವಾಗುತ್ತದೆ.

ಜಾನಪದ ಸ್ನಾತಕೋತ್ತರ ತರಗತಿಗಳ ಕ್ಷೇತ್ರಕಾರ್ಯದಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಒಂದು ವೃತ್ತಿಯ ಪದಗಳನ್ನು ಧ್ವನಿ, ಪ್ರಯೋಗ, ಪ್ರದೇಶದ ಗುರುತುಗಳೊಂದಿಗೆ ದಾಖಲಿಸುವ ಅಭ್ಯಾಸವನ್ನು ಸೇರಿಸಬಹುದು. ಅಕಾಡೆಮಿಗಳು ಹಾಗೂ ಗ್ರಂಥಾಲಯಗಳು ಇಂಥ ಸಂಗ್ರಹಗಳ ಮೂಲ ಪ್ರತಿಗಳನ್ನು ಕಾಪಾಡುವ ಹೊಣೆ ಹೊರಬೇಕು. ಜಾಲಪುಟದ ಆಯುಷ್ಯದ ಮೇಲೆಯೇ ಎಲ್ಲವನ್ನೂ ಬಿಡುವುದು ಜಾಣತನವಲ್ಲ. ಹತ್ತು ಸಾವಿರ ಬರಿಯ ಪದಗಳಿಗಿಂತ ನೂರು ಪೂರ್ಣ ನಮೂದುಗಳು ಮೇಲು.

ಹಗೇವಿಗೆ ಇಳಿದು ರಾಗಿ ಮೊಗೆದ ತಲೆಮಾರು, ಅಕ್ಕಡಿ ಸಾಲಿಗೆ ಸಡ್ಡೆ ಹಿಡಿದ ತಲೆಮಾರು ಈಗ ಮುಪ್ಪಿನಲ್ಲಿದೆ. ಪದವನ್ನು ಮುಂದೆ ಎಂದಾದರೂ ಪುಸ್ತಕದಲ್ಲಿ ಹುಡುಕಬಹುದು. ಅದರ ಅರ್ಥವನ್ನು ಕೈಯಾಡಿಸಿ ತೋರಿಸಬಲ್ಲವರನ್ನು ಈಗಲೇ ಕೇಳಬೇಕು.